ಮನೆಯಲ್ಲಿ ಉಳಿದ ಒಂದೇ ಭಾರ

ಜನವರಿ ೫, ಸೋಮವಾರ

ನನ್ನ ಬಾಯಿಗೆ ಬೀಗ ಬಿದ್ದಿದೆ. ಹಾಕಿದವಳು ಡಾಕ್ಟರಮ್ಮ, ಬೀಗದ ಕೈ ನನ್ನ ಮಗಳ ಹತ್ತಿರ. ಅದಕ್ಕೇ ಔಷಧಿ ಅಂಗಡಿಯವರು ಬಿಟ್ಟಿ ಕೊಟ್ಟ ಈ ಡೈರಿ ಹಿಡಿದು ಕೂತಿದ್ದೇನೆ. ಹಳ್ಳಿ ಶಾಲೆಯಲ್ಲಿ ಮೂರನೇ ತರಗತಿಗೇ ಶರಣು ಹೊಡೆದವಳು ನಾನು. ಒತ್ತಕ್ಷರ ತಪ್ಪಿದರೆ ತಪ್ಪಲಿ, ಇದನ್ನು ಓದುವವರು ಯಾರಿದ್ದಾರೆ. ಬಾಯಿಗೆ ಬಂದದ್ದನ್ನು ಎಲ್ಲಾದರೂ ಉಗುಳಬೇಕಲ್ಲ, ಇಲ್ಲಿ ಉಗುಳುತ್ತೇನೆ.

ನಡೆದದ್ದು ಇಷ್ಟು. ಮೊಮ್ಮಗಳ ಬೆನ್ನಿನ ಕೆಳಗಿನ ಮೂಳೆ ಬಿರುಕು ಬಿಟ್ಟಿದೆ. ಕಾಲೇಜು ಮುಗಿಸಿದಾಗಿನಿಂದ ಜಿಮ್ಮಿಗೆ ಹೋಗಿ ಕಬ್ಬಿಣ ಎತ್ತುತ್ತಿದ್ದಳು. ಎತ್ತಲಿ ಬಿಡು, ಮೈಯಲ್ಲಿ ಕಸುವಿರುವ ಹೆಣ್ಣನ್ನು ಕಂಡರೆ ನನಗೆ ಇಷ್ಟವೇ. ಆದರೆ ತಿನ್ನುವುದು? ಬೇಯಿಸಿದ ಕೋಳಿಯನ್ನು ಅಕ್ಕಸಾಲಿಗ ಚಿನ್ನ ತೂಗಿದ ಹಾಗೆ ತೂಗಿ ತಿನ್ನುವಳು. ಎಣ್ಣೆಯ ಹನಿ ಕಂಡರೆ ಹಾವು ಕಂಡ ಹಾಗೆ ಹಿಂದೆ ಸರಿಯುವಳು. ಸ್ಪರ್ಧೆಗೆ ಇಂಥ ತೂಕದೊಳಗೇ ಇರಬೇಕಂತೆ. ಮೂಳೆಗೆ ಸಿಗಬೇಕಾದದ್ದು ಸಿಗದೆ ಒಳಗೊಳಗೇ ಟೊಳ್ಳಾಗಿದೆ ಎಂದರು ಡಾಕ್ಟರಮ್ಮ. ಮುಟ್ಟು ನಿಂತು ಎಷ್ಟೋ ತಿಂಗಳಾಗಿತ್ತಂತೆ. ಹೆತ್ತವಳಿಗೂ ಹೇಳಿರಲಿಲ್ಲ.

"ಮೂರು ತಿಂಗಳು ಭಾರ ಎತ್ತೋ ಹಾಗಿಲ್ಲ, ನೀರಿನ ಬಕೆಟ್ಟೂ ಸೇರಿ. ಪಥ್ಯ ಬಂದ್. ಹಸಿವಾದ್ರೂ ತಿನ್ನು, ಆಗದಿದ್ರೂ ತಿನ್ನು," ಎಂದು ಅವಳಿಗೆ ಹೇಳಿದರು. ಆಮೇಲೆ ನನ್ನ ಮಗಳನ್ನು ಒಳಗೆ ಕರೆದು, ಅವಳ ತಟ್ಟೆಯ ವಿಚಾರ, ಮೈಯ ವಿಚಾರ ಮನೆಯಲ್ಲಿ ಯಾರೂ ಎತ್ತಕೂಡದು ಅಂದರಂತೆ. ತಿನ್ನು ಅನ್ನಬಾರದು, ಬೇಡ ಅನ್ನಬಾರದು, ಹೊಗಳಬಾರದು, ತಟ್ಟೆ ಇಣುಕಿ ನೋಡಲೂಬಾರದು.

"ಮತ್ತೆ ನಾನೇನು ಮಾತಾಡಲಿ? ಮಳೆ ಬಿಸಿಲಿನ ಸಮಾಚಾರ ಹೇಳಲಾ?" ಎಂದು ಕೇಳಿದೆ.

"ಹೂಂ ಅಮ್ಮ, ಅದೇ ಹೇಳು. ನಿನ್ನ ಕೈ ಮುಗೀತೀನಿ," ಎಂದಳು ಮಗಳು.

ಜನವರಿ ೭

ಜಿಮ್ಮಿನಿಂದ ಇಬ್ಬರು ಹುಡುಗಿಯರು ಬಂದು ಮೊಮ್ಮಗಳ ಡಂಬೆಲ್ಲು, ರಾಡು, ಗಾಲಿಯಂಥ ಪ್ಲೇಟುಗಳು ಎಲ್ಲವನ್ನೂ ಒಯ್ದರು. ತೂಕದ ಯಂತ್ರವನ್ನು ಮಗಳು ಬೆಳಿಗ್ಗೆಯೇ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಳು. ಮೊಮ್ಮಗಳು ಬಾಗಿಲಲ್ಲಿ ಹೆಣ ಸಾಗಿಸುವಾಗ ನಿಲ್ಲುವ ಹಾಗೆ ನಿಂತಿದ್ದಳು.

ಎಲ್ಲ ಹೋಯಿತು. ಈಗ ಮನೆಯಲ್ಲಿ ಉಳಿದಿರುವ ಭಾರವೆಂದರೆ ನಾನೊಬ್ಬಳೇ.

ಸೊಂಟ ಮುರಿದ ಮೇಲೆ ನನ್ನ ಕಾಲು ಹೆಸರಿಗೆ ಮಾತ್ರ ಇವೆ. ಮಂಚದಿಂದ ಗಾಲಿಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ, ಮತ್ತೆ ಮಂಚಕ್ಕೆ, ಎಲ್ಲ ಮೊಮ್ಮಗಳೇ. ಒಂದು ಕೈ ಮೊಣಕಾಲಿನಡಿ, ಒಂದು ಕೈ ಬೆನ್ನ ಹಿಂದೆ. ಉಸಿರು ಎಳೆದು, ಹಿಡಿದು, ಎತ್ತಿಬಿಡುವಳು. "ಮುದುಕಿ, ನೀನೇ ನನ್ನ ಬೆಳಗಿನ ಮೊದಲನೇ ಸೆಟ್ಟು," ಎನ್ನುವಳು.

"ನಿಮ್ಮ ತಾತ ಮದುವೆಯಾದ ಹೊಸದರಲ್ಲೂ ನನ್ನನ್ನ ಹೀಗೆ ಎತ್ತಲಿಲ್ಲ ಕಣೇ."

"ತಾತನಿಗೆ ಪ್ರೋಟೀನ್ ಕಮ್ಮಿ ಇತ್ತು ಅಜ್ಜಿ."

ಇನ್ನು ಆ ಕೆಲಸ ಮಗಳದು. ಅವಳೋ ಲಾಂಡ್ರಿಯಲ್ಲಿ ಹೋಟೆಲುಗಳ ಚಾದರ ಇಸ್ತ್ರಿ ಮಾಡಿ ಮಾಡಿ ಎಡಭುಜ ಕಳೆದುಕೊಂಡವಳು. ತಲೆ ಬಾಚಿಕೊಳ್ಳಲೂ ಆ ಕೈ ಮೇಲೇಳುವುದಿಲ್ಲ. ಆಳು ಇಡೋಣ ಎಂದಳು. ಗುರುತು ಪರಿಚಯ ಇಲ್ಲದವಳು ನನ್ನ ಬಟ್ಟೆ ಬಿಚ್ಚುವುದು ಬೇಡ ಎಂದೆ. ಪುಣ್ಯಕ್ಕೆ ಲಾಂಡ್ರಿ ಹಿಂದಿನ ಬೀದಿಯಲ್ಲೇ ಇದೆ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಓಡಿಬಂದು ನನ್ನನ್ನು ಕಕ್ಕಸಿಗೆ ಕೂರಿಸಿ ಹೋಗುತ್ತಾಳೆ.

ಜನವರಿ ೧೨

ಜೊತೆಗೆ ಯಾರಾದರೂ ಕೂತು ತಿಂದರೆ ಒಳ್ಳೆಯದು ಅಂದಿದ್ದಾರೆ ಡಾಕ್ಟರಮ್ಮ. ಹಾಗಾಗಿ ಮೊಮ್ಮಗಳು ತನ್ನ ತಟ್ಟೆ ಹಿಡಿದು ನನ್ನ ಕೋಣೆಗೆ ಬರುತ್ತಾಳೆ. ಕನ್ನಡಕದ ಅಂಗಡಿಯ ಕೆಲಸಕ್ಕೆ ರಜೆ ಹಾಕಿದ್ದಾಳೆ. ಮಗಳು ಬಡಿಸಿಟ್ಟು, ಏನೂ ಮಾತಾಡದೆ ಹೊರಗೆ ಹೋಗುತ್ತಾಳೆ.

ನೋಡಬಾರದು ಎಂದರೂ ಕಣ್ಣು ಹೋಗುತ್ತದೆ. ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳಿ ತಳ್ಳಿ ಗೋಡೆ ಕಟ್ಟುತ್ತಾಳೆ. ಒಂದು ತುತ್ತನ್ನು ಬಾಯಿಯೊಳಗೆ ಈ ದವಡೆಯಿಂದ ಆ ದವಡೆಗೆ ದಾಟಿಸುತ್ತಾ ಕೂರುತ್ತಾಳೆ. ಇಷ್ಟು ಗಟ್ಟಿ ತೋಳಿನ ಹುಡುಗಿ ಒಂದು ಮುಷ್ಟಿ ಅನ್ನಕ್ಕೆ ಹೆದರಿ ಕಣ್ಣಲ್ಲಿ ನೀರು ತುಂಬಿಕೊಂಡಿದ್ದು ಕಂಡು ನನ್ನ ನಾಲಿಗೆ ತುದಿಗೆ ಒಂದು ಗಾಡಿ ಮಾತು ಬಂತು. ನುಂಗಿದೆ.

"ಮೋಡ ಕಟ್ಟಿದೆ," ಎಂದೆ.

"ಅಜ್ಜಿ, ಬೆಳಿಗ್ಗೆಯಿಂದ ನೀನು ಆ ಮೋಡದ ಪ್ರಾಣ ತೆಗೀತಿದೀಯ."

ನಕ್ಕಳು. ನಕ್ಕು ಒಂದು ತುತ್ತು ನುಂಗಿದಳು. ನಾನು ಎರಡನೇ ಸಲ ಹಾಕಿಸಿಕೊಂಡು ಚಪ್ಪರಿಸಿ ತಿಂದೆ. ನನ್ನನ್ನು ನೋಡಿ ಅವಳು ಇನ್ನೊಂದು ತುತ್ತು ತಿಂದಳು. ಇದೇ ಔಷಧಿ. ಅವಳ ಎದುರಿಗೆ ನಾನು ರಾಕ್ಷಸಿಯ ಹಾಗೆ ಉಣ್ಣಬೇಕು.

ಜನವರಿ ೧೯

ಜಿಮ್ಮಿನ ಮೇಷ್ಟ್ರು ಬಂದಿದ್ದ. ಕತ್ತೇ ಇಲ್ಲದ ಆಸಾಮಿ, ತಲೆಯನ್ನು ನೇರ ಭುಜದ ಮೇಲೆ ಇಟ್ಟ ಹಾಗಿದೆ. ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿ, "ರೆಸ್ಟ್ ತಗೋ, ಆದ್ರೆ ಪೂರ್ತಿ ಸಡಿಲ ಬಿಡಬೇಡ. ಮುಖ ಆಗಲೇ ಸ್ವಲ್ಪ ತುಂಬಿದೆ," ಎಂದ.

ಮಗಳು ಮನೆಯಲ್ಲಿರಲಿಲ್ಲ. "ಮೇಷ್ಟ್ರೇ," ಎಂದೆ, "ಈ ಮನೇಲಿ ಮಳೆ ಬಿಸಿಲು ಬಿಟ್ಟು ಬೇರೆ ಮಾತಾಡಬಾರದು ಅಂತ ಡಾಕ್ಟರ ಅಪ್ಪಣೆ. ಹೊರಗೆ ಒಳ್ಳೇ ಬಿಸಿಲಿದೆ. ಹೋಗಿ ನೋಡಿ."

"ಅಜ್ಜಿ, ನಾನು ಅವಳ ಒಳ್ಳೇದಕ್ಕೇ..."

"ಅವಳ ಒಳ್ಳೇದು ಬೆನ್ನಲ್ಲಿ ಬಿರುಕು ಬಿಟ್ಟಿದೆ, ಬೇಕಾದ್ರೆ ಫೋಟೋ ತೋರಿಸ್ತೀನಿ."

ಹೋದ. ಆದರೆ ಆಡಿದ ಮಾತನ್ನು ಇಲ್ಲೇ ಬಿಟ್ಟು ಹೋದ. ಮಧ್ಯಾಹ್ನ ಮೊಮ್ಮಗಳು ತಟ್ಟೆ ಮುಟ್ಟಲಿಲ್ಲ, ಸಂಜೆಯೂ ಇಲ್ಲ. ಕನ್ನಡಿ ಮುಂದೆ ನಿಂತು ಕೆನ್ನೆ ಹಿಂಡಿ ಹಿಂಡಿ ನೋಡಿಕೊಳ್ಳುತ್ತಿದ್ದಳು.

ಜನವರಿ ೨೩, ಶುಕ್ರವಾರ

ಇವತ್ತು ನಾನು ಬೀಳುವುದರಲ್ಲಿದ್ದೆ. ಮಗಳು ಎತ್ತುವಾಗ ಅವಳ ಎಡಗೈ ಸೋತು, ಕುರ್ಚಿಗೂ ಮಂಚಕ್ಕೂ ನಡುವೆ ಮೂಟೆಯ ಹಾಗೆ ನೇತಾಡಿದೆ. ಮೊಮ್ಮಗಳು ಓಡಿಬಂದಳು.

"ಬಿಡಮ್ಮ, ನಾನು ಎತ್ತುತೀನಿ. ಒಂದೇ ಸಲ. ನಂಗೇನೂ ಆಗಲ್ಲ."

"ಮುಟ್ಟಿದ್ರೆ ನೋಡು! ಆ ಬಿರುಕು ಕೂಡೋ ಮುಂಚೆ ಎತ್ತಿದ್ರೆ ಜೀವಮಾನದಲ್ಲಿ ಇನ್ನು ಎತ್ತೋ ಹಾಗಿಲ್ಲ ಅಂದಿದ್ದಾರೆ, ನೆನಪಿದೆಯಾ?" ಮಗಳು ಹಲ್ಲು ಕಚ್ಚಿ ನನ್ನನ್ನು ಹೇಗೋ ಮಂಚಕ್ಕೆ ಒಗೆದಳು. ಆಮೇಲೆ ಭುಜ ಹಿಡಿದು ಗೋಡೆಗೆ ಒರಗಿ ನಿಂತಳು.

ಮೊಮ್ಮಗಳ ಕೈಬೆರಳು ಮುಚ್ಚಿ ತೆರೆಯುತ್ತಲೇ ಇದ್ದವು. ಹಸಿದವರು ಅನ್ನದ ಕಡೆ ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು. ಆ ನೋಟ ಅನ್ನದ ಕಡೆ ಬಿದ್ದಿದ್ದರೆ ಈ ಮನೆ ಎಂದೋ ಉದ್ಧಾರವಾಗುತ್ತಿತ್ತು. ಒಂದಲ್ಲ ಒಂದು ದಿನ, ಅಮ್ಮ ಇಲ್ಲದ ಹೊತ್ತಿನಲ್ಲಿ, ಅವಳು ನನ್ನನ್ನು ಎತ್ತಿಯೇ ಎತ್ತುತ್ತಾಳೆ. ಬೆನ್ನು ಹೋಗುತ್ತದೆ.

ಮಲಗಿ ಯೋಚಿಸಿದೆ. ಭಾರ ಕಮ್ಮಿಯಾದರೆ ತಾಪತ್ರಯವೇ ಇಲ್ಲ. ಮಗಳು ಸಲೀಸಾಗಿ ಎತ್ತುತ್ತಾಳೆ, ಮೊಮ್ಮಗಳು ನಡುವೆ ಬರುವುದಿಲ್ಲ. ಕೂತಲ್ಲೇ ಕೂರುವ ಮುದುಕಿಗೆ ಎಷ್ಟು ಬೇಕು? ಇಷ್ಟು ದಿನ ಸುಮ್ಮನೆ ಬಾಯಿಚಪಲಕ್ಕೆ ತಿಂದೆ.

ಫೆಬ್ರವರಿ ೨

ಉಪಾಯ ಸಿಕ್ಕಿದೆ. ಮೊಮ್ಮಗಳ ಎದುರಿಗೆ ಬಾಯಾಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಅವಳೂ ನಿಲ್ಲಿಸುತ್ತಾಳೆ. ಆದ್ದರಿಂದ ಸಣ್ಣ ತುತ್ತು, ದೊಡ್ಡ ಚಪ್ಪರಿಕೆ. ಅವಳು ತನ್ನ ತಟ್ಟೆ ತೊಳೆಯಲು ಅಡುಗೆಮನೆಗೆ ಹೋದ ಕೂಡಲೇ ನನ್ನದನ್ನು ಮಂಚದ ಪಕ್ಕದ ಕಿಟಕಿಯ ಹೊರಗೆ ಸುರಿಯುತ್ತೇನೆ. ಪಾರಿವಾಳಗಳು ಆಗಲೇ ಹೊತ್ತು ಗೊತ್ತುಮಾಡಿಕೊಂಡು ಬಂದು ಸಾಲಾಗಿ ಕೂರುತ್ತವೆ. ಕೆಳಗಿನ ಮನೆಯವಳು ಮೇಲೆ ನೋಡಿ ಬೈಯುತ್ತಾಳೆ. ಬೈಯಲಿ.

ತಟ್ಟೆ ಇಣುಕಬಾರದು ಎಂಬ ಕಾನೂನು ನನಗೂ ಒದಗಿ ಬಂತು. ಮಗಳು ಖಾಲಿ ತಟ್ಟೆ ಒಯ್ಯುತ್ತಾಳೆ, ಏನೂ ಅನ್ನುವುದಿಲ್ಲ.

ನೀರನ್ನೂ ಕಡಿಮೆ ಮಾಡಿದ್ದೇನೆ. ನೀರು ಕುಡಿದರೆ ತಾನೇ ಕಕ್ಕಸಿನ ಗೋಳು. ಈಗ ಮಧ್ಯಾಹ್ನ ಮಗಳು ಓಡಿ ಬಂದರೆ, "ಬೇಡ, ಏನೂ ಬಂದಿಲ್ಲ, ಹೋಗು ಉಣ್ಣು," ಎನ್ನುತ್ತೇನೆ. ಅವಳು ಗೋಡೆಗೆ ಒರಗಿ ಐದು ನಿಮಿಷ ಕಣ್ಣು ಮುಚ್ಚುತ್ತಾಳೆ. ಅದನ್ನು ನೋಡಿದರೆ ನನ್ನ ಹೊಟ್ಟೆ ತುಂಬುತ್ತದೆ.

ಫೆಬ್ರವರಿ ೧೦

ಕಟ್ಟಿಸಿದ ಹಲ್ಲು ಮಾತಾಡುವಾಗ ಸಡಿಲವಾಗಿ ಲೊಟಗುಟ್ಟುತ್ತಿವೆ. ಆ ಹಲ್ಲಿನ ಡಾಕ್ಟರು ಮೋಸ ಮಾಡಿದ್ದಾನೆ. ಅಳತೆ ತೆಗೆಯುವಾಗ ಮೊಬೈಲು ನೋಡುತ್ತಿದ್ದ, ನಾನು ಆಗಲೇ ಅಂದುಕೊಂಡಿದ್ದೆ. ಈ ಮನೆಯ ಕುರ್ಚಿಯೂ ಗಟ್ಟಿ, ಕೂತರೆ ಮೂಳೆಗೆ ಚುಚ್ಚುತ್ತದೆ. ಮೊದಲು ಹೀಗಿರಲಿಲ್ಲ. ದಿಂಬಿನ ಹತ್ತಿ ಸತ್ತಿರಬೇಕು.

ಇವತ್ತು ಎತ್ತುವಾಗ ಮಗಳು ನರಳಲಿಲ್ಲ.

ಫೆಬ್ರವರಿ ೧೫, ಭಾನುವಾರ

ತಲೆ ಎಷ್ಟು ತಿಳಿಯಾಗಿದೆ ಎಂದರೆ, ತೊಳೆದಿಟ್ಟ ಗಾಜಿನ ಹಾಗೆ. ಬೆಳಿಗ್ಗೆ ಎದ್ದಾಗ ಹೊಟ್ಟೆ ಬೆನ್ನಿಗೆ ಅಂಟಿರುತ್ತದೆ. ಕೈಯಿಟ್ಟು ನೋಡಿಕೊಳ್ಳುತ್ತೇನೆ. ಇಂದೂ ಗೆದ್ದೆ ಎನಿಸುತ್ತದೆ.

ಮೊಮ್ಮಗಳು ಈಚೆಗೆ ಉಣ್ಣುತ್ತಿದ್ದಾಳೆ. ಇವತ್ತು ತಾನಾಗಿಯೇ ಎರಡನೇ ಸಲ ಹಾಕಿಸಿಕೊಂಡಳು, ಮೇಲೆ ಬೆಣ್ಣೆ. ತಿನ್ನುವಾಗ ತುಟಿ ಒರೆಸಿಕೊಳ್ಳಲೂ ಇಲ್ಲ. ಮನುಷ್ಯರು ಅಷ್ಟೊಂದನ್ನು ಹೇಗೆ ಒಳಗಿಳಿಸುತ್ತಾರೋ. ಮಗಳು ಆಚೆ ಕೋಣೆಯಲ್ಲಿ ಬ್ರೆಡ್ಡು ಕಚ್ಚುವ ಸದ್ದು ಕೇಳಿದರೂ ಮೈ ಉರಿಯುತ್ತದೆ. ಮೊದಲಿನಿಂದಲೂ ಅವಳು ಹೀಗೆಯೇ ಸದ್ದು ಮಾಡುತ್ತಿದ್ದಳೋ, ಈಗ ಕಲಿತಳೋ.

"ಅಜ್ಜಿ, ಚಳಿಯಾಗ್ತಿದೆಯಾ? ನಿನ್ನ ಕೈ ಐಸಾಗಿದೆ," ಎಂದಳು ಮೊಮ್ಮಗಳು.

"ಮೋಡ ಕಟ್ಟಿದೆಯಲ್ಲ, ಅದಕ್ಕೆ."

ಅವಳು ಕಿಟಕಿಯ ಹೊರಗೆ ನೋಡಿದಳು. ಬಿಸಿಲು ಹೊಡೆಯುತ್ತಿತ್ತು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಕಾನೂನು ಎಲ್ಲರಿಗೂ ಒಂದೇ.

ಫೆಬ್ರವರಿ ೨೧

ಡಾಕ್ಟರಮ್ಮ ಹೊಸ ಫೋಟೋ ತೆಗೆಸಿದ್ದಾರೆ. ಬಿರುಕು ಕೂಡುತ್ತಿದೆಯಂತೆ. ಮುಟ್ಟೂ ಬಂತಂತೆ. ಮಗಳು ದಾರಿಯುದ್ದಕ್ಕೂ ಅತ್ತುಕೊಂಡು ಬಂದಳಂತೆ. ಇನ್ನು ಸ್ವಲ್ಪ ದಿನ ತಡೆದರೆ ಸಾಕು. ನಾನೂ ತಡೆಯುತ್ತೇನೆ.

ಸಂತೋಷಕ್ಕೆ ಏನೋ ಸಿಹಿ ತಂದರು. ನನ್ನ ಪಾಲು ಪಾರಿವಾಳಕ್ಕೆ.

ಫೆಬ್ರವರಿ ೨೬

ಬರೆಯಲು ಕೈ ನಡುಗುತ್ತದೆ. ಪೆನ್ನು ಸರಿಯಿಲ್ಲ.

ಮಾರ್ಚ್ ೫, ಗುರುವಾರ

ಎರಡು ದಿನದ ಹಿಂದೆ ಆದದ್ದನ್ನು ಇವತ್ತು ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಬರೆಯುತ್ತಿರುವುದರಿಂದ ಸಾಲು ಕೆಳಗೆ ಜಾರುತ್ತಿದೆ.

ಮಂಗಳವಾರ ಮಧ್ಯಾಹ್ನ ಮಗಳು ಬರುವುದು ತಡವಾಯಿತು. ನನಗೆ ತಡೆಯಲಾಗಲಿಲ್ಲ. ಮೊಮ್ಮಗಳು ಪಕ್ಕದ ಕೋಣೆಯಲ್ಲಿದ್ದಳು. ಕರೆದರೆ ಬಂದು ಎತ್ತುತ್ತಾಳೆ. ಕರೆಯಲಿಲ್ಲ. ಇಷ್ಟು ಹಗುರವಾಗಿದ್ದೇನೆ, ಇನ್ನು ನನ್ನನ್ನು ನಾನೇ ಎತ್ತಿಕೊಳ್ಳಬಲ್ಲೆ ಎನಿಸಿತು. ಮಂಚದ ಸರಳು ಹಿಡಿದು ಎದ್ದೆ. ಒಂದು ಗಳಿಗೆ ನಿಜವಾಗಿಯೂ ನಿಂತಿದ್ದೆ. ಆಮೇಲೆ ಕೋಣೆ ಬಿಳಿಚಿಕೊಂಡಿತು, ನೆಲ ಬಂದು ಕೆನ್ನೆಗೆ ಬಡಿಯಿತು.

ಮೊಮ್ಮಗಳು ಓಡಿ ಬಂದಳು. "ಮುಟ್ಟಬೇಡ, ನಿಮ್ಮಮ್ಮ ಬರಲಿ," ಎಂದೆ. ನನ್ನ ಅಡಿಯಲ್ಲಿ ಒದ್ದೆಯಾಗಿತ್ತು. ಅವಳು ಕೇಳಲಿಲ್ಲ. ಮೊಣಕಾಲೂರಿ, ಕೈ ತೂರಿಸಿ, ಉಸಿರು ಎಳೆದು ಎತ್ತಿದಳು.

ಎತ್ತಿದವಳು ಮಂಚಕ್ಕೆ ಇಳಿಸಲೇ ಇಲ್ಲ. ನನ್ನನ್ನು ಎದೆಗೆ ಹಿಡಿದು ಹಾಗೆಯೇ ನಿಂತುಬಿಟ್ಟಳು. ಮೊದಲಿನ ನನ್ನ ಭಾರ ಅವಳ ತೋಳಿಗೆ ಬಾಯಿಪಾಠವಾಗಿತ್ತಲ್ಲ.

"ಅಜ್ಜಿ," ಎಂದಳು, "ಯಾವಾಗಿಂದ?"

"ಏನು ಯಾವಾಗಿಂದ? ಇಳಿಸು, ಬೆನ್ನು ಹೋಗುತ್ತೆ."

"ಆ ಪಾರಿವಾಳ. ನಾನು ಸುಮ್ಮನೆ ಪಾರಿವಾಳ ಅಂದ್ಕೊಂಡೆ. ನಾನೂ ಮೊದಲು ಊಟಾನ ಕಾಗದದಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೋತಿದ್ದೆ, ಬಸ್‌ಸ್ಟಾಪಿನ ಕಸದ ಡಬ್ಬಿಗೆ... ಎಲ್ಲಾ ಗೊತ್ತಿರೋಳು ನಾನು. ನನ್ನ ಎದುರಿಗೇ ಕೂತು... ಕೈ ಐಸಾಗಿತ್ತು, ಕೇಳ್ಬೇಕು ಅಂದ್ಕೊಂಡೆ, ಊಟದ ಮಾತು ಎತ್ತಬಾರದಲ್ಲ ಅಂತ..."

ಅವಳು ಅಳುತ್ತಿದ್ದಳು. ಅಳುವಾಗ ಉಸಿರು ಹಿಡಿಯಲಾಗುವುದಿಲ್ಲ. ಉಸಿರು ಬಿಟ್ಟು ಭಾರ ಹೊರಬಾರದು ಎಂದು ಅವಳೇ ನನಗೆ ಹೇಳಿದ್ದಳು. ನನ್ನನ್ನು ಇಳಿಸಲು ಬಗ್ಗಿದಾಗ ಅವಳ ಬಾಯಿಂದ ಒಂದು ಸದ್ದು ಬಂತು. ಕೂಗಲ್ಲ, ಬಾಗಿಲ ಸಂದಿಗೆ ಬೆರಳು ಸಿಕ್ಕಾಗ ಬರುವಂಥ ಸಣ್ಣ ಸದ್ದು. ನಾನು ಮಂಚದ ಮೇಲೆ ಮೆತ್ತಗೆ ಬಿದ್ದೆ. ಅವಳು ಮಂಚದ ಪಕ್ಕ ನೆಲದ ಮೇಲೆ ಬಿದ್ದಳು.

ಮಗಳು ಬಾಗಿಲು ತೆರೆದಾಗ ನಾವಿಬ್ಬರೂ ಹಾಗೆಯೇ ಇದ್ದೆವು.

ಮಾರ್ಚ್ ೬

ಕೂಡುತ್ತಿದ್ದ ಬಿರುಕು ಮತ್ತೆ ಬಾಯಿಬಿಟ್ಟಿದೆ, ಮೊದಲಿಗಿಂತ ದೊಡ್ಡದಾಗಿ. ನಡೆದಾಡುವುದಕ್ಕೆ ತೊಂದರೆಯಾಗಲಾರದು, ಭಾರ ಎತ್ತುವ ಮಾತನ್ನು ಮಾತ್ರ ಇನ್ನು ಮರೆಯಬೇಕು ಎಂದಿದ್ದಾರೆ ಡಾಕ್ಟರಮ್ಮ. ಮೂರು ತಿಂಗಳ ಬಿಡುವು ಎಂದು ಶುರುವಾದದ್ದು.

ನನಗೆ ಕೈಗೆ ಸೂಜಿ ಚುಚ್ಚಿ ನೀರು ಏರಿಸಿದರು. ನನ್ನ ತೂಕ ನೋಡಿದ ಹೊಸ ಡಾಕ್ಟರು ಹುಡುಗ ಮಗಳನ್ನು ಪಕ್ಕಕ್ಕೆ ಕರೆದು, "ಮನೇಲಿ ಇವರಿಗೆ ಊಟ ಕೊಡ್ತೀರಿ ತಾನೆ?" ಎಂದು ಕೇಳಿದ. ಪಿಸುಗುಟ್ಟಿದ್ದೇನೆ ಅಂದುಕೊಂಡ, ವಾರ್ಡಿಗೆಲ್ಲ ಕೇಳಿತು. ಮಗಳು ಇಸ್ತ್ರಿಯ ಬಿಸಿಗೆ ಸುಟ್ಟ ಬೆರಳುಗಳನ್ನು ಒಂದರೊಳಗೆ ಒಂದು ಹೆಣೆದುಕೊಂಡು ನಿಂತಿದ್ದಳು. ಅವನಿಗೆ ನಾಲ್ಕು ಬಿಗಿಯಬೇಕಿತ್ತು ನಾನು. ಬಾಯಿ ಬಿಟ್ಟರೆ ಹಲ್ಲು ಜಾರಿತು.

ಮಾರ್ಚ್ ೮, ಭಾನುವಾರ

ಮನೆಗೆ ತಂದು ನಮ್ಮಿಬ್ಬರನ್ನೂ ಒಂದೇ ಕೋಣೆಗೆ ಹಾಕಿದ್ದಾಳೆ ಮಗಳು. ಎತ್ತಲು ಒಬ್ಬ ಆಳು ಬರುತ್ತಾಳೆ. ನನ್ನ ಬಟ್ಟೆ ಬಿಚ್ಚುತ್ತಾಳೆ. ನಾನು ಗೋಡೆ ನೋಡುತ್ತೇನೆ.

ಮೊಮ್ಮಗಳು ಬೆನ್ನಿಗೆ ಹಲಗೆಯಂಥ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಳೆ. ಬೆಳಿಗ್ಗೆಯಿಂದ ಸೂರು ನೋಡುತ್ತಿದ್ದವಳು ಒಮ್ಮೆಲೇ ಮಾತಾಡಿದಳು.

"ಅಜ್ಜಿ, ನಿಜ ಹೇಳ್ತೀಯಾ?"

"ನಾನು ಯಾವತ್ತು ಸುಳ್ಳು ಹೇಳಿದ್ದೀನಿ?"

"ಒಂದು ತಿಂಗಳು ಪಾರಿವಾಳಕ್ಕೆ ಹಾಕಿದ್ದು ಸುಳ್ಳಲ್ವಾ? ಸರಿ, ಬಿಡು. ಶುರು ಮಾಡಿದ್ದು ನನ್ನ ಬೆನ್ನು ಉಳಿಸೋಕೆ. ಅದು ನಂಗೊತ್ತು. ಆಮೇಲೆ? ಬೆಳಿಗ್ಗೆ ಹೊಟ್ಟೆ ಖಾಲಿ ಅಂತ ಗೊತ್ತಾದಾಗ, ಒಳಗೊಳಗೇ ಒಂಥರಾ ಖುಷಿ ಆಗ್ತಿತ್ತಾ?"

ಏನು ಪ್ರಶ್ನೆ ಇದು, ತಲೆ ಕೆಟ್ಟಿದೆಯಾ ಎನ್ನಬೇಕೆಂದುಕೊಂಡೆ. ನನ್ನ ಹತ್ತಿರ ಯಾವತ್ತೂ ಒಂದು ಮಾತು ರೆಡಿ ಇರುತ್ತದೆ. ಹುಡುಕಿದೆ. ಸಿಗಲಿಲ್ಲ.

"ಆಗ್ತಿತ್ತು," ಎಂದೆ.

"ನಂಗೂ," ಎಂದಳು. ಪಟ್ಟಿಯ ಅಂಚು ಎಳೆದು ಸರಿಮಾಡಿಕೊಂಡು, "ಅದು ಹೋಗಲ್ಲ ಅಜ್ಜಿ. ಹೋಯ್ತು ಅಂದ್ಕೊಂಡಿರ್ತೀವಿ," ಎಂದಳು.

ಮಗಳು ಎರಡು ತಟ್ಟೆ ತಂದಳು. ಒಂದನ್ನು ಅವಳ ಹತ್ತಿರ, ಒಂದನ್ನು ನನ್ನ ಹತ್ತಿರ ಇಟ್ಟಳು. ಕಿಟಕಿ ಮುಚ್ಚಿ ಚಿಲಕ ಹಾಕಿದಳು. ನಮ್ಮಿಬ್ಬರ ಮುಖ ನೋಡಿದಳು. ಏನಾದರೂ ಅನ್ನುತ್ತಾಳೆ, ಬೈಯುತ್ತಾಳೆ, ತಿನ್ನಿ ಎಂದು ಕಾಲಿಗೆ ಬೀಳುತ್ತಾಳೆ ಎಂದು ಕಾದೆ. ಈ ಎರಡು ತಿಂಗಳಲ್ಲಿ ಮಾತಾಡುವುದನ್ನೇ ಮರೆತಿದ್ದಾಳೆ. ಹೊರಗೆ ಹೋಗಿ, ಬಾಗಿಲಾಚೆ ನೆಲದ ಮೇಲೆ ಕೂತ ಸದ್ದು ಕೇಳಿತು. ಇನ್ನೂ ಅಲ್ಲೇ ಇದ್ದಾಳೆ. ಉಸಿರು ಕೇಳುತ್ತಿದೆ.

ಮೊಮ್ಮಗಳು ನನ್ನ ತಟ್ಟೆ ನೋಡುತ್ತಿದ್ದಾಳೆ, ನಾನು ಅವಳ ತಟ್ಟೆ ನೋಡುತ್ತಿದ್ದೇನೆ. ನೀನು ಮೊದಲು ಎನ್ನುವ ಹಾಗೆ ಅವಳು ಹುಬ್ಬು ಹಾರಿಸಿದಳು. ನೀನೇ ಎಂದು ನಾನು ಗದ್ದ ಎತ್ತಿದೆ. ಅವಳಿಗಾಗಿ ತಿನ್ನಬೇಕು ಎಂದು ಗೊತ್ತು. ಅನ್ನದಿಂದ ಏಳುತ್ತಿದ್ದ ಆವಿ ನಿಂತಿದೆ. ಪೆನ್ನು ಕೆಳಗಿಟ್ಟರೆ ಕೈ ಖಾಲಿಯಾಗುತ್ತದೆ. ಅದಕ್ಕೇ ಇನ್ನೂ ಬರೆಯುತ್ತಿದ್ದೇನೆ.